ಸ್ಟಿಕ್ಕಿನ ತಪ್ಪು

ಭಾನುವಾರದ ಗಾಲ್ಫ್ ಪಂದ್ಯದಲ್ಲಿ ನಿವೃತ್ತ ನ್ಯಾಯಾಧೀಶ ಚಂದ್ರಮೌಳಿ ಮರ್ಯಾದೆ ಹೋಗುವ ಹಾಗೆ ಸೋತರು. ಹತ್ತು ವರ್ಷ ಸತತವಾಗಿ ಗೆದ್ದವರ ಚೆಂಡು ಆ ದಿನ ಮತ್ತೆ ಮತ್ತೆ ಪೊದೆಯ ಪಾಲಾಗಿತ್ತು. ಕಡಿಮೆ ಹೊಡೆತದವನೇ ಗೆಲ್ಲುವ ಆ ಆಟದಲ್ಲಿ ತನ್ನದು ಒಂದು ಹೊಡೆತವನ್ನೂ ಕಡಿಮೆ ಹೇಳದ ಮನುಷ್ಯ ಎಂದು ಕ್ಲಬ್ಬಿನಲ್ಲೆಲ್ಲ ಹೆಸರಾದವರು ಅವರು. ಗೆಳೆಯರು ಸಮಾಧಾನ ಹೇಳಿದಷ್ಟೂ ಅವರ ತಲೆ ತಗ್ಗಿತು. ಕೊನೆಗೆ, ಸ್ಟಿಕ್ಕುಗಳಿಗೆ ವಯಸ್ಸಾಯಿತು ಎಂದುಬಿಟ್ಟರು.

ಮರುದಿನ ಮಾದಪ್ಪ ಕುಂಟುತ್ತ ಬಂದ. ಆ ಹತ್ತು ವರ್ಷವೂ ಅವರ ಸ್ಟಿಕ್ಕಿನ ಚೀಲ ಹೊತ್ತು ಜೊತೆಗೆ ನಡೆದವನು, ಕಾಲು ಉಳುಕಿ ಭಾನುವಾರ ಬಂದಿರಲಿಲ್ಲ.

"ಮಾದಪ್ಪ, ಹೊಸ ಸ್ಟಿಕ್ಕು ಈಗಲೇ ತಗೊಳ್ಳೋದೋ, ದೀಪಾವಳಿ ತನಕ ಕಾಯೋದೋ?"

"ಹೊಸದು ಯಾತಕ್ಕೆ ಸಾರ್? ಒಂದ್ ಹದಿನೈದ್ ದಿನ ತಡೀರಿ, ನನ್ ಕಾಲು ವಾಸಿ ಆಗ್ಲಿ."

"ನಿನ್ನ ಕಾಲಿಗೂ ನನ್ನ ಆಟಕ್ಕೂ ಏನಯ್ಯಾ ಸಂಬಂಧ?"

ಮಾದಪ್ಪ ತಬ್ಬಿಬ್ಬಾಗಿ ಅವರ ಮುಖವನ್ನೇ ನೋಡಿದ.

"ಪೊದೆಗೆ ಬಿದ್ದ ನಿಮ್ ಚೆಂಡನ್ನ ಯಾರಿಗೂ ಕಾಣದ ಹಾಗೆ ಕಾಲಲ್ಲಿ ಈಚೆಗೆ ತಳ್ತಿದ್ನಲ್ಲಾ ಸಾರ್... ನಿಮಗೆ ಗೊತ್ತಿದ್ದೂ ಸುಮ್ನಿದ್ದೀರಿ ಅಂದ್ಕೊಂಡಿದ್ದೆ."