ಉದ್ದ ಹಿಡಿಯ ಪೊರಕೆ

ಎಲೆ ತುಂಬಿದ ಬುಟ್ಟಿಯನ್ನು ಎತ್ತಿ ಹಾಗೇ ಸೊಂಟ ತಿರುಗಿಸಿದರು ಹೆಡ್‌ಮಾಸ್ಟರರು, ಅಷ್ಟೇ. "ಅಯ್ಯಯ್ಯೋ, ಸತ್ತೆ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಅಂಗಳದಲ್ಲೇ ಕುಸಿದರು. ಹತ್ತು ನಿಮಿಷದ ಹಿಂದಷ್ಟೇ, "ನಾಲ್ಕು ಎಲೆ ಗುಡಿಸೋಕೆ ಎರಡು ಗಂಟೆ ಬೇಕಾ ನಿಂಗೆ? ಕೊಡಿಲ್ಲಿ" ಎಂದು ಹೆಂಡತಿಯ ಕೈಯಿಂದ ಪೊರಕೆ ಕಿತ್ತುಕೊಂಡಿದ್ದರು. ನಿವೃತ್ತಿಯಾಗಿ ಹದಿನೈದು ದಿನವಾಗಿತ್ತು. ತಿದ್ದುವುದಕ್ಕೆ ಮನೆಯಲ್ಲಿ ಬೇರೆ ಯಾರೂ ಸಿಕ್ಕಿರಲಿಲ್ಲ.

ಆಮೇಲೆ ಮನೆಯೆಲ್ಲ ಆ ಒಂದು ಬೆನ್ನಿನ ಸುತ್ತಲೇ ತಿರುಗಿತು. ಬಿಸಿನೀರಿನ ಚೀಲ, ಮುಲಾಮು, ಮಂಡಿಯ ಕೆಳಗೆ ದಿಂಬು, ಎಲ್ಲಕ್ಕೂ ಹೆಂಡತಿಯೇ ಓಡಬೇಕು. ನಡುನಡುವೆ ಅಂಗಳವನ್ನೂ ಗುಡಿಸಿದಳು. ಅಂಗಳದ ಮರಕ್ಕೇನು, ಯಾರ ಬೆನ್ನು ಹಿಡಿದರೂ ಅದು ತನ್ನ ಪಾಡಿಗೆ ಎಲೆ ಉದುರಿಸುತ್ತಿತ್ತು.

ಮೂರನೆಯ ದಿನ ಫಿಸಿಯೋಥೆರಪಿಯ ಡಾಕ್ಟರಮ್ಮ ಮನೆಗೇ ಬಂದರು. "ಭಾರ ಎತ್ತುವಾಗ ಮಂಡಿ ಬಗ್ಗಿಸಿ ಸರ್, ಸೊಂಟ ಅಲ್ಲ. ಬುಟ್ಟಿ ಮೈಗೆ ಹತ್ತಿರ ಇರ್ಲಿ. ತಿರುಗೋದಾದ್ರೆ ಕಾಲು ಸಮೇತ ತಿರುಗಿ. ಕಾಲು ಗಂಟೆಗೊಂದು ಸಲ ಕೆಲಸ ನಿಲ್ಲಿಸಿ."

ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದಳು. ಎಂಟು ವರ್ಷದಿಂದ ಅವಳು ಬೆಳಿಗ್ಗೆ ಏಳುವುದೇ ಪಕ್ಕಕ್ಕೆ ಹೊರಳಿ, ಗೋಡೆ ಹಿಡಿದು. ಡಾಕ್ಟರಮ್ಮ ಹೊರಡುವ ಮುಂಚೆ ತನ್ನ ಬೆನ್ನಿನ ಬಗ್ಗೆಯೂ ಒಂದು ಮಾತು ಕೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

"ಅಂಗಳದಲ್ಲಿ ನೋಡ್ದೆ, ಇಷ್ಟು ಗಿಡ್ಡ ಪೊರಕೆ ಯಾಕೆ ಸರ್? ಉದ್ದ ಹಿಡಿ ಇರೋದು ತಗೊಳ್ಳಿ," ಎಂದರು ಡಾಕ್ಟರಮ್ಮ.

"ಇವತ್ತೇ ತರಿಸ್ತೀನಿ."

ಅಂಥದ್ದೇ ಉದ್ದ ಪೊರಕೆಯನ್ನು ಹೆಂಡತಿ ಕೇಳಿದಾಗ, "ಉದ್ದದ್ದು ಬೀದಿ ಗುಡಿಸೋರಿಗೆ ಕಣೇ. ನೀನು ಬಗ್ಗಿ ಗುಡಿಸು, ಅದೇ ವ್ಯಾಯಾಮ" ಎಂದು ನಕ್ಕಿದ್ದರು ಇದೇ ಮಹಾನುಭಾವರು.

"ಇಷ್ಟು ವರ್ಷ ಅಂಗಳ ಯಾರು ಗುಡಿಸ್ತಿದ್ರು?" ಡಾಕ್ಟರಮ್ಮ ಕೇಳಿದರು.

"ಅದಾ? ಅದು ಹೇಗೋ ಆಗ್ಹೋಗ್ತಿತ್ತು ಬಿಡಿ," ಎಂದರು ಹೆಡ್‌ಮಾಸ್ಟರರು.

ಡಾಕ್ಟರಮ್ಮ ಬಾಗಿಲ ಕಡೆ ತಿರುಗಿದರು. "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ. ನಿಂತಾಗ ಬೆನ್ನು ಹೇಗಿರ್ಬೇಕು ಅಂತ ಸರ್‌ಗೆ ತೋರಿಸೋಣ. ಪಕ್ಕಕ್ಕೆ ತಿರುಗಿ, ನೆಟ್ಟಗೆ ನಿಂತ್ಕೊಳ್ಳಿ."

ಅವಳು ಲೋಟ ಇಟ್ಟು, ಕೈ ಒರೆಸಿಕೊಂಡು ಬಂದು ನಿಂತಳು. ಬೆನ್ನ ಮೇಲೆ ಒಂದು ಬೆಚ್ಚಗಿನ ಕೈ ಬಿತ್ತು.

"ಇನ್ನೂ ಸ್ವಲ್ಪ ನೆಟ್ಟಗೆ, ಅಮ್ಮ."

ಅವಳು ಉಸಿರು ಬಿಗಿಹಿಡಿದಳು. ಬೆನ್ನ ಮೇಲಿನ ಕೈ ಸರಿಯುತ್ತಾ ಬಂದು ಒಂದು ಕಡೆ ಗಕ್ಕನೆ ನಿಂತಿತು. ಡಾಕ್ಟರಮ್ಮ ಅಲ್ಲೇ ಬೆರಳೊತ್ತಿ ನೋಡಿದರು.

ಹೆಡ್‌ಮಾಸ್ಟರರಿಗೆ ತಡೆಯಲಾಗಲಿಲ್ಲ. ಮಲಗಿದಲ್ಲಿಂದಲೇ ಶಾಲೆಯ ದನಿ ತೆಗೆದರು: "ನೆಟ್ಟಗೆ ನಿಂತ್ಕೊಳ್ಳೇ! ಎಷ್ಟು ಸಲ ಹೇಳ್ಬೇಕು ಅವ್ರು?"

"ನೆಟ್ಟಗೇ ನಿಂತಿದ್ದೀನಲ್ಲ," ಎಂದಳು ಅವಳು, ನೆಲ ನೋಡುತ್ತಲೇ.