ನಡುದಾರಿಯಲ್ಲಿ ನಿಲ್ಲುವ ಮ್ಯಾಕ್ರೋ

ಟಕ್, ಟಕ್, ಟಕ್.

ಮೇಲ್ವಿಚಾರಕಿ ತಲೆಯೆತ್ತಲಿಲ್ಲ. ಗಾಜಿನ ಬಾಗಿಲು ಬಡಿಯುತ್ತಿರುವವನು ಯಾರೆಂದು ಗೊತ್ತಿತ್ತು.

"ಮೇಡಂ, ಪಟ್ಟಿ ಕೊಡ್ತೀರೋ, ಇಲ್ಲ ಈ ರಕ್ತದ ಪೆಟ್ಟಿಗೆಗಳ ಜೊತೆ ವ್ಯಾನಲ್ಲೇ ಸಂಸಾರ ಹೂಡ್ಲೋ?" ಚಾಲಕ ಕೂಗಿದ. "ಹೆರಿಗೆ ಆಸ್ಪತ್ರೆಯವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ!"

"ಬಂತು, ಬಂತು."

ಬಂದಿರಲಿಲ್ಲ. ರಕ್ತನಿಧಿಯ ಶಾಖೆಗಳ ಕಡತಗಳನ್ನು ಒಂದೊಂದಾಗಿ ತೆರೆದು, ಯಾವ ಗುಂಪಿನ ರಕ್ತ ಯಾವ ಆಸ್ಪತ್ರೆಗೆಂದು ಸ್ಪ್ರೆಡ್‌ಶೀಟಿನಲ್ಲಿ ತಾನಾಗಿ ವಿಂಗಡಿಸುವ ಪುಟ್ಟ ಪ್ರೋಗ್ರಾಂ, ಆ ಮ್ಯಾಕ್ರೋ, ಅವಳದೇ ಸೃಷ್ಟಿ. ಟೈಪಿಂಗಿನಲ್ಲಿ ಪದಕ ಗೆದ್ದವಳಿಗೆ ಮೌಸ್ ಎಂದರೆ ಅಸಡ್ಡೆ. ಕಂಟ್ರೋಲ್, ಶಿಫ್ಟ್, ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓಡುವಂತೆ ಈಚೆಗೆ ಮಾಡಿಕೊಂಡಿದ್ದಳು. ಹಲ್ಲು ಕಚ್ಚಿ ಒತ್ತಿ ಹಿಡಿದಳು. ಮೊದಲ ಕಡತ ತೆರೆಯಿತು. ಅಷ್ಟೇ. ದೋಷದ ಸೂಚನೆಯೂ ಇಲ್ಲದೆ ಮ್ಯಾಕ್ರೋ ನಿಂತುಹೋಯಿತು.

ವಾರದಿಂದ ಇದೇ ಪಾಡು. ನಾದಿನಿ ಈ ಕಚೇರಿಗೆ ಸೇರಿದ್ದೂ ವಾರದ ಹಿಂದೆಯೇ. ಸೇರಿಸಿದವಳು ತಾನೇ!

"ಅತ್ತಿಗೆ, ನಾನೊಂದ್ಸಲ ನೋಡ್ಲಾ?" ಪಕ್ಕದ ಮೇಜಿನಿಂದ ನಾದಿನಿ ಕೇಳಿದಳು.

"ನೀನು ನೋಡಿದ್ದು ಸಾಕು ತಾಯಿ."

ನಿನ್ನೆ ಊಟ ಮುಗಿಸಿ ಬಂದಾಗ ಕಣ್ಣಾರೆ ಕಂಡಿದ್ದಳು: ತನ್ನ ಕುರ್ಚಿಯಲ್ಲಿ ನಾದಿನಿ, ಮೌಸಿನ ಮೇಲೆ ಕೈ. "ತಾನಾಗೇ ಸರಿಹೋಯ್ತು ಅತ್ತಿಗೆ," ಎನ್ನುತ್ತ ಸಿದ್ಧಪಟ್ಟಿಯನ್ನು ಕೈಗಿತ್ತಿದ್ದಳು. ತಾನಾಗೇ! ಮಗುವನ್ನು ಚಿವುಟುವವಳೂ ಇವಳೇ, ತೊಟ್ಟಿಲು ತೂಗುವವಳೂ ಇವಳೇ.

ಬಾಗಿಲು ತೆರೆಯಿತು. ನಿರ್ದೇಶಕರು, ಹಿಂದೆ ಕಂಪ್ಯೂಟರ್ ಎಂಜಿನಿಯರ್.

"ಅಲ್ಲಿ ಬಾಣಂತಿ ಕಾಯ್ತಿದ್ದಾಳೆ, ಇಲ್ಲಿ ನಿಮ್ಮ ಪಟ್ಟಿ ಇಲ್ಲ. ಇವತ್ತೇ ಕೊನೆ. ನಾಳೆಯಿಂದ ಈ ಕುರ್ಚಿ ಬೇರೆಯವರಿಗೆ," ನಿರ್ದೇಶಕರು ಗುಡುಗಿದರು.

ನೀರಿನಲ್ಲಿ ಮುಳುಗುವವಳಂತೆ ಅವಳು ಕೈಗೆ ಸಿಕ್ಕಿದ್ದನ್ನು ಹಿಡಿದಳು.

"ಸರ್, ಇದು ಇವಳ ಕೈವಾಡ. ಮನೆಯವಳು ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ನಾನು ಮಾಡಿದ್ರೆ ನಿಲ್ಲುತ್ತೆ, ಇವಳು ಮುಟ್ಟಿದ್ರೆ ಓಡುತ್ತೆ. ಕೇಳಿ ಬೇಕಾದ್ರೆ!"

ನಾದಿನಿ ಕೈಚೀಲ ಎತ್ತಿಕೊಂಡಳು.

"ಪಟ್ಟಿ ತಡವಾದ್ರೆ ನಿಮಗೆ ಬೈಗುಳ ತಪ್ಪಲ್ಲ ಅಂತ, ನೀವಿಲ್ಲದಾಗ ಓಡಿಸಿ ಕೊಡ್ತಿದ್ದೆ, ಅಷ್ಟೇ. ಹೆದರಬೇಡಿ, ಅಣ್ಣನಿಗೆ ಕೆಲಸ ನಾನೇ ಬಿಟ್ಟೆ ಅಂತ ಹೇಳ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಯಾರೂ ತಡೆಯಲಿಲ್ಲ.

ಎಂಜಿನಿಯರ್ ಮ್ಯಾಕ್ರೋದ ಸಾಲುಸಾಲನ್ನೂ ಜಾಲಾಡಿದರು. ಯಾರೂ ಏನನ್ನೂ ತಿದ್ದಿರಲಿಲ್ಲ.

"ನೀವೇ ಓಡಿಸಿ ಮೇಡಂ."

ಓಡಿಸಿದಳು. ನಿಂತಿತು.

"ಇನ್ನೊಮ್ಮೆ."

ನಿಂತಿತು. ಈ ಬಾರಿ ಎಂಜಿನಿಯರರ ದೃಷ್ಟಿ ಪರದೆಯ ಮೇಲಿರಲಿಲ್ಲ. ಮೆಲ್ಲನೆ ಮೌಸ್ ಎಳೆದುಕೊಂಡು ಪರದೆಯ 'ರನ್' ಗುಂಡಿಯನ್ನು ಒಮ್ಮೆ ಕ್ಲಿಕ್ಕಿಸಿದರು. ಕಡತಗಳು ಪಟಪಟನೆ ತೆರೆದು ಮುಚ್ಚಿದವು. ಪ್ರಿಂಟರ್ ಗುರುಗುಟ್ಟಿತು. ಚಾಲಕ ಪಟ್ಟಿ ಕಸಿದುಕೊಂಡು ಓಡಿದ.

"ಹಾಗಾದ್ರೆ ಕಳ್ಳರು ಯಾರು?" ನಿರ್ದೇಶಕರು ಕೇಳಿದರು.

"ಶಿಫ್ಟ್ ಒತ್ತಿ ಹಿಡಿದಿರುವಾಗ ಕಡತ ತೆರೆದ್ರೆ ಮ್ಯಾಕ್ರೋ ಅಲ್ಲೇ ನಿಲ್ಲುತ್ತೆ ಸರ್; ಕಳ್ಳ ಈ ಮೇಡಂ ಅವರ ಎಡಗೈಯ ಕಿರುಬೆರಳು."