ಬಸ್ಸೋ ಟ್ಯಾಕ್ಸಿಯೋ

ಗಂಡ ಹೆಂಡತಿ ವಿಮಾನ ಇಳಿದು ಹೊರಬರುವಾಗ ಹತ್ತೂಮುಕ್ಕಾಲು. ನಗರದ ಆಸ್ಪತ್ರೆಯಲ್ಲಿ ಅವಳ ಒಬ್ಬನೇ ತಮ್ಮ ಶ್ರೀಪಾದ ಕೊನೆಯುಸಿರು ಎಳೆಯುತ್ತಿದ್ದ; ನೋಡುವವರು ಬೇಗ ಬಂದು ನೋಡಿಕೊಂಡು ಹೋಗಲಿ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಬಾಗಿಲಿನ ಎಡಕ್ಕೆ ಟ್ಯಾಕ್ಸಿಗಳು, ಬಲಕ್ಕೆ ಬಸ್ಸು. ಅವಳು ಎಡಕ್ಕೆ ಹೊರಳಿದಳು. ಗಂಡ ಮಾತ್ರ ಅಲ್ಲೇ ಒಂದು ಕುರ್ಚಿ ಹಿಡಿದು ಕೂತರು.

“ಇವತ್ತು ಶುಕ್ರವಾರ. ಹನ್ನೆರಡರ ತನಕಾ ರಾಹುಕಾಲ ಅದ. ಕೂಡು.”

“ವಿಮಾನ ಇಳಿದದ್ದೂ ರಾಹುಕಾಲದಾಗನ ಅಲ್ಲೇನ್ರೀ?”

“ಅದು ಪೈಲಟ್‌ನ ಜವಾಬ್ದಾರಿ. ಇಲ್ಲಿಂದ ಮುಂದ ನಂದು.”

“ನಿಮ್ಮ ತಮ್ಮ ಆಗಿದ್ರ ಪಂಚಾಂಗ ನೋಡ್ತಿದ್ರೇನು?”

“ನಿನ್ನ ತಮ್ಮಗ ಒಳ್ಳೇದಾಗ್ಲಿ ಅಂತನ ಹೇಳ್ಲಿಕ್ಹತ್ತೇನಿ. ಬಸ್ಸಿಗೆ ಎರಡು ತಾಸು, ಟ್ಯಾಕ್ಸಿಗೆ ಒಂದು. ಟ್ಯಾಕ್ಸಿ ಮಾಡೋಣು. ಕಳದ ಹೊತ್ತು ದಾರ್ಯಾಗ ಸಿಗ್ತದ.”

ಒಬ್ಬಳೇ ಹೋಗೋಣವೆಂದರೆ ಅವಳಿಗೆ ಈ ಊರು ಹೊಸದು. ಆಸ್ಪತ್ರೆಯ ವಿಳಾಸ ಬರೆದ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು. ಅವಳು ಕೂತಳು. ಅವರು ಕಾಫಿ ತಂದರು. ಅವಳದು ಹಾಗೇ ಆರಿತು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅವಳಿಗೆ ಫೋನು ಬಂತು. ಸುಮ್ಮನೆ ಕೇಳಿಸಿಕೊಂಡಳು, “ಹೂಂ” ಎಂದಳು, ಫೋನನ್ನು ಚೀಲದೊಳಗಿಟ್ಟಳು. ಯಾರದೆಂದು ಗಂಡ ಕೇಳಲಿಲ್ಲ. ಅವರು ಗಡಿಯಾರ ನೋಡುತ್ತಿದ್ದರು.

ಹನ್ನೆರಡಾದದ್ದೇ ತಡ, ದೊಡ್ಡ ಉಪಕಾರ ಮಾಡಿದವರ ಹಾಗೆ ಎದ್ದರು. “ಮುಗೀತು ನೋಡು. ಏಳು, ಟ್ಯಾಕ್ಸಿ ಹಿಡಿಯೋಣು.”

“ಬಸ್ಸಿಗೇ ಹೋಗೋಣು ನಡೀರಿ,” ಎಂದಳು ಅವಳು. “ಇನ್ನೇನೂ ಅವಸರಿಲ್ಲ.”